ವ್ಯಾಟ್ ಹೆಚ್ಚಿಸಲಿಲ್ಲ, ಇನ್‌ಪುಟ್ ಮಾಡ್ಯೂಲ್ ಬದಲಿಸಿದೆ

ಮೈಕ್ ಸೆಟ್ ಸರಿಯಾಗಿ ಕೇಳಿಸ್ತಿಲ್ಲ ಎಂದು ಕರೆಸುವವರೆಲ್ಲ ಮೊದಲು ಕೇಳುವುದು ಹೆಚ್ಚು ವ್ಯಾಟಿನ ಆಂಪ್ಲಿಫೈಯರ್. ದಾವಣಗೆರೆ ತಾಲ್ಲೂಕಿನ ಒಂದು ಹಳ್ಳಿಯ ಸಮುದಾಯ ಭವನದಲ್ಲೂ ಅದೇ ಮಾತು. "ಏನಪ್ಪ, ಇದನ್ನ ತೆಗೆದು ಡಬಲ್ ವ್ಯಾಟಿಂದು ಕೂರಿಸಿಬಿಡು" ಅಂದರು ಸಮಿತಿಯ ಹಿರಿಯರು. "ಯಜಮಾನ್ರೆ, ಡಬಲ್ ಮಾಡಿದ್ರೆ ಗುಂಯ್ ಅನ್ನೋ ಸದ್ದೂ ಜೋರಾಗುತ್ತೆ. ಮೊದಲು ಮಾತು ಒಳಗೆ ಬರೋ ದಾರಿ ಸರಿ ಮಾಡೋಣ" ಅಂದೆ.

ವ್ಯಾಟ್ ಎರಡು ಪಟ್ಟಾದರೆ ಸದ್ದಿನ ಅಳತೆಯಲ್ಲಿ ಸಿಗುವುದು ಬರೀ 3 ಡೆಸಿಬಲ್. ಅದೇ ಮಾತಾಡುವವರು ಮೈಕಿಗೆ ಇದ್ದ ದೂರವನ್ನು ಅರ್ಧ ಮಾಡಿದರೆ ಸುಮಾರು 6 ಡೆಸಿಬಲ್ ಪುಕ್ಕಟೆ ಬರುತ್ತದೆ. ಆಂಪ್ಲಿಫೈಯರಿನಿಂದ ಅಷ್ಟನ್ನು ಪಡೆಯಬೇಕೆಂದರೆ ನಾಲ್ಕು ಪಟ್ಟು ವ್ಯಾಟ್ ಬೇಕು. ಇದನ್ನು ಪ್ರತಿ ಊರಲ್ಲೂ ಹೇಳುತ್ತೇನೆ, ಹೇಳಿ ಬೇಸರವಾಗಿಲ್ಲ.

ಅಲ್ಲಿದ್ದದ್ದು ಮಾಡ್ಯೂಲ್, ಅಂದರೆ ಬಿಡಿ ಇನ್‌ಪುಟ್ ಕಾರ್ಡ್, ಹಾಕುವ ಮಿಕ್ಸರ್ ಆಂಪ್ಲಿಫೈಯರ್. ಹಿಂಬದಿಯಲ್ಲಿ ಸಾಲಾಗಿ ಸ್ಲಾಟ್‌ಗಳು. ಮೈಕಿಗೆ ಒಂದು ಕಾರ್ಡ್, ಹಾಡಿಗೆ ಇನ್ನೊಂದು ಕಾರ್ಡ್, ಬೇಕಾದದ್ದನ್ನು ಕೊಂಡು ತೂರಿಸಿಕೊಳ್ಳಬೇಕು. ಒಂದು ಕಂಪನಿಯ ಕಾರ್ಡ್ ಇನ್ನೊಂದಕ್ಕೆ ಕೂರುವುದಿಲ್ಲ. ಟೋವಾದ 900 ಸರಣಿಯ ಮಾಡ್ಯೂಲ್ ಹಿಡಿದು ಕ್ರೌನ್‌ನ ಪಿಐಪಿ ಸ್ಲಾಟಿನ ಮುಂದೆ ನಿಂತರೆ ಕೆಲಸವಾಗದು. ಆದ್ದರಿಂದ ಆಂಪ್ಲಿಫೈಯರಿನ ಮಾಡೆಲ್ ನಂಬರ್ ಬರೆದುಕೊಂಡೇ ಅಂಗಡಿಗೆ ಹೋಗಬೇಕು.

ಮೈಕಿನ ಹಳೆ ಮಾಡ್ಯೂಲ್ ಅನ್‌ಬ್ಯಾಲೆನ್ಸ್ಡ್, ಅಂದರೆ ಸಿಗ್ನಲ್ಲಿಗೆ ಒಂದೇ ಒಳತಂತಿ, ವಾಪಸ್ ದಾರಿ ಹೊರಗಿನ ಶೀಲ್ಡ್ ಜಾಲರಿ. ವೇದಿಕೆಯಿಂದ ಆಂಪ್ಲಿಫೈಯರ್ ಇಟ್ಟ ಕೋಣೆಯವರೆಗೆ ಮೈಕಿನ ಉದ್ದನೆಯ ವೈರು ಟ್ಯೂಬ್‌ಲೈಟ್, ಫ್ಯಾನಿನ ವೈರುಗಳ ಜೊತೆಗೇ ಗೋಡೆ ಹಿಡಿದು ಬಂದಿತ್ತು. ಡೈನಮಿಕ್ ಮೈಕಿನಿಂದ (ಒಳಗೆ ಕಾಯಿಲ್ ಇರುವ, ಹೊರಗಿನ ಕರೆಂಟ್ ಬೇಡದ ಮೈಕ್) ಹೊರಡುವುದು ಕೆಲವೇ ಮಿಲಿವೋಲ್ಟ್. ಪಕ್ಕದಲ್ಲೇ 230 ವೋಲ್ಟ್, 50 ಹರ್ಟ್ಸ್ ಓಡುತ್ತಿದ್ದರೆ ಆ ಗುಂಯ್ ಸದ್ದು, ಅಂದರೆ ಹಮ್, ಬಾರದೆ ಇನ್ನೇನಾದೀತು? ಬ್ಯಾಲೆನ್ಸ್ಡ್ ಲೈನಿನಲ್ಲಿ ಮೈಕಿನ ಸಿಗ್ನಲ್ ಎರಡು ತಂತಿಗಳಲ್ಲಿ ಒಂದಕ್ಕೊಂದು ಎದುರಾಗಿ ಬರುತ್ತದೆ. ಹೊರಗಿನ ಹಮ್ ಎರಡರ ಮೇಲೂ ಒಂದೇ ಸಮ ಬೀಳುತ್ತದೆ. ಮಾಡ್ಯೂಲಿನೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರ್ ಎರಡರ ವ್ಯತ್ಯಾಸವನ್ನಷ್ಟೇ ಒಳಗೆ ಬಿಡುತ್ತದೆ, ಸಮನಾಗಿ ಬಂದದ್ದು ಅಲ್ಲೇ ನಿಲ್ಲುತ್ತದೆ. ಹಾಗಾಗಿ ನಾನು ತಂದದ್ದು ಟ್ರಾನ್ಸ್‌ಫಾರ್ಮರ್ ಇರುವ ಬ್ಯಾಲೆನ್ಸ್ಡ್ ಮೈಕ್ ಮಾಡ್ಯೂಲ್.

ಕೂರಿಸುವಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಕಿತ್ತೆ. ಪವರ್ ಸಪ್ಲೈಯ ದೊಡ್ಡ ಕೆಪ್ಯಾಸಿಟರ್‌ಗಳು ಖಾಲಿಯಾಗುವವರೆಗೆ ಕಾದೆ. ಕಾರ್ಡ್ ಮುಟ್ಟುವ ಮೊದಲು ಚಾಸಿಯ ಬರಿ ಲೋಹ ಮುಟ್ಟಿ ಮೈಯಲ್ಲಿದ್ದ ಸ್ಟ್ಯಾಟಿಕ್ ಕಳೆದುಕೊಂಡೆ. ಬೇಸಿಗೆಯ ನಮ್ಮ ಒಣ ಹವೆಯಲ್ಲಿ ಇದು ಬೇಕೇ ಬೇಕು. ಕಾರ್ಡಿನ ಮೇಲೆ ಆನ್-ಆಫ್ ಮಾಡುವ ಎರಡು ಪುಟ್ಟ ಜಂಪರ್: ಒಂದು ಫ್ಯಾಂಟಮ್ ಪವರಿಗೆ (ಕಂಡೆನ್ಸರ್ ಮೈಕಿಗೆ ಕೇಬಲ್ಲಿನಲ್ಲೇ ಕೊಡುವ ಕರೆಂಟ್), ಇನ್ನೊಂದು ಪ್ರಯಾರಿಟಿಗೆ (ಇದರ ಮಾತು ಮುಂದೆ ಬರುತ್ತದೆ). ಒಳಗೆ ಹೋದಮೇಲೆ ಅವು ಕೈಗೆ ಸಿಗುವುದಿಲ್ಲ, ಹೊರಗಿರುವಾಗಲೇ ತೀರ್ಮಾನ ಮಾಡಬೇಕು. ಅಲ್ಲಿನ ಮೈಕುಗಳೆಲ್ಲ ಡೈನಮಿಕ್, ಆದ್ದರಿಂದ ಫ್ಯಾಂಟಮ್ ಆಫ್. ಕಾರ್ಡಿನ ಅಂಚಿನ ಕಾಂಟ್ಯಾಕ್ಟ್‌ಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿದೆ. ದಯವಿಟ್ಟು ಯಾರೂ ಸ್ಯಾಂಡ್ ಪೇಪರ್ ಹಾಕಿ ಉಜ್ಜಬೇಡಿ, ಮೇಲಿನ ಲೇಪ ಹೋದರೆ ಆಮೇಲೆ ಕರಕರ ಸದ್ದು ತಪ್ಪದು. ಗೈಡಿನಲ್ಲಿ ನೇರ ತೂರಿಸಿ ಒತ್ತಿದೆ, ಕನೆಕ್ಟರ್ ಕೂತದ್ದು ಕೈಗೇ ಗೊತ್ತಾಯಿತು. ಸ್ಕ್ರೂ ಬಿಗಿಸಿದೆ.

ಆದರೂ ಹಮ್ ಪೂರ್ತಿ ಹೋಗಲಿಲ್ಲ. ಹೀಗಾದಾಗ ಮಾಡ್ಯೂಲನ್ನು ಬೈಯುವ ಮೊದಲು ಕೇಬಲ್ ಬಿಚ್ಚಿ ನೋಡಬೇಕು. ಎಕ್ಸ್‌ಎಲ್‌ಆರ್ ಎನ್ನುವ ಮೂರು ಪಿನ್ನಿನ ಮೈಕ್ ಕನೆಕ್ಟರಿನಲ್ಲಿ 1ನೇ ಪಿನ್ ಶೀಲ್ಡ್, ಸಿಗ್ನಲ್ಲಿನ ಎರಡು ತಂತಿಗಳಲ್ಲಿ 2 ಹಾಟ್, 3 ಕೋಲ್ಡ್. ಈ ಕೇಬಲ್ಲಿನ ತಲೆ ತಿರುಗಿಸಿ ಬಿಚ್ಚಿದರೆ 1 ಮತ್ತು 3ರ ನಡುವೆ ಜೋಳದ ಕಾಳಿನಷ್ಟು ಸೀಸದ ಗುಳ್ಳೆ! ಹಳೆ ಮಾಡ್ಯೂಲಿಗೆ ಹೊಂದಲೆಂದು ಯಾರೋ ಹಿಂದೆ ಎರಡನ್ನೂ ಸೇರಿಸಿ ಬೆಸುಗೆ ಹಾಕಿದ್ದರು. ಹೀಗಿದ್ದರೆ ಬ್ಯಾಲೆನ್ಸ್ಡ್ ಲೈನ್ ಹೆಸರಿಗಷ್ಟೇ. ಫ್ಯಾಂಟಮ್ ಆನ್ ಇದ್ದಿದ್ದರೆ ಮೈಕಿನ ಕಾಯಿಲ್‌ ಮೂಲಕ ಕರೆಂಟ್ ಹರಿದು ಅದಕ್ಕೂ ಒಳ್ಳೆಯದಲ್ಲ. ಸೀಸ ಹೀರಿ ತೆಗೆದು, ಎರಡು ಒಳತಂತಿ ಇರುವ ಶೀಲ್ಡ್ ವೈರ್ ಹಾಕಿ, ಮೂರೂ ಪಿನ್ನನ್ನು ಮಲ್ಟಿಮೀಟರಿನಲ್ಲಿ ಬೀಪ್ ಮಾಡಿ ನೋಡಿದೆ. ಆಮೇಲೆ ವಾಲ್ಯೂಮ್ ಏರಿಸಿದರೂ ಹಾರ್ನ್‌ಗಳು ಸುಮ್ಮನಿದ್ದವು.

ಗೇನ್, ಅಂದರೆ ಮೈಕಿನ ಸಿಗ್ನಲ್ ಎಷ್ಟು ಹಿಗ್ಗಬೇಕೆಂಬುದನ್ನು, ಕೂರಿಸುವಾಗ "ಹಲೋ ಮೈಕ್ ಟೆಸ್ಟಿಂಗ್" ಎಂದು ನಾನೇ ಕೂಗುವುದಿಲ್ಲ. ದಿನಾ ಆ ಮೈಕಿನಲ್ಲಿ ಮಾತಾಡುವವರನ್ನೇ ಕರೆಯುತ್ತೇನೆ. ಅಲ್ಲಿ ವಚನ ಹೇಳಿಕೊಡುವ ಮೇಷ್ಟ್ರು ಬಂದರು. ಮಾಸ್ಟರ್ (ಒಟ್ಟು ವಾಲ್ಯೂಮ್) ಪೂರ್ತಿ ಇಳಿಸಿ, ಅವರು ದನಿ ಎತ್ತಿದಾಗ ಪೀಕ್ ದೀಪ ಒಮ್ಮೊಮ್ಮೆ ಮಿನುಗುವಷ್ಟು ಟ್ರಿಮ್ (ಮೈಕಿನ ಗೇನ್ ತಿರುಪು) ತಿರುಗಿಸಿ, ಅಲ್ಲಿಂದ ಸ್ವಲ್ಪ ಹಿಂದೆ ತಂದೆ. ಆಮೇಲೆ ಮಾಸ್ಟರ್. ಟ್ರಿಮ್ ಕಡಿಮೆ ಇಟ್ಟು ಮಾಸ್ಟರ್ ಎಳೆದರೆ ಹಿಸ್ ಎದ್ದು ಬರುತ್ತದೆ. ಟ್ರಿಮ್ ಜಾಸ್ತಿಯಾದರೆ ಮಾತು ಮೊದಲ ಹಂತದಲ್ಲೇ ಒಡೆದುಹೋಗುತ್ತದೆ, ಮುಂದೆ ಏನು ಮಾಡಿದರೂ ಕೂಡಿಸಲಾಗದು.

ಪ್ರಯಾರಿಟಿಯ ಬಗ್ಗೆ ಸಮಿತಿಯವರೊಂದಿಗೆ ಕೂತೇ ಮಾತಾಡಿದ್ದೆ. ಅದು ಆನ್ ಇದ್ದರೆ ಮೈಕಿನಲ್ಲಿ ಮಾತು ಬಂದ ಕೂಡಲೇ ಇನ್ನೊಂದು ಮಾಡ್ಯೂಲಿನ ಹಾಡು ತಾನೇ ತಗ್ಗುತ್ತದೆ. ಮದುವೆಯಲ್ಲಿ ಮುಂದಿನ ಪಂಕ್ತಿ ಊಟಕ್ಕೆ ಕರೆಯುವಾಗ ಬಹಳ ಅನುಕೂಲ. ಆದರೆ ಭಜನೆಯಲ್ಲಿ ಶ್ರುತಿ ಪೆಟ್ಟಿಗೆ ಆ ಲೈನಿನಲ್ಲೇ ಬರುತ್ತದೆ, ಹಾಡುವವರು ಬಾಯಿ ತೆರೆದೊಡನೆ ಶ್ರುತಿಯೇ ಮಾಯವಾದರೆ ಹಾಡುವುದು ಹೇಗೆ? ಆದ್ದರಿಂದ ವೇದಿಕೆಯ ಮೈಕಿಗೆ ಪ್ರಯಾರಿಟಿ ಆಫ್ ಇಟ್ಟೆ. ಊಟದ ಮನೆಯ ಮೈಕಿಗೆ ಇನ್ನೊಂದು ಮಾಡ್ಯೂಲ್ ಹಾಕಿ ಅದರಲ್ಲಿ ಆನ್ ಮಾಡಿದೆ.

ಹಾರ್ನ್‌ಗಳು 100 ವೋಲ್ಟ್ ಲೈನಿನವು, ಪ್ರತಿಯೊಂದಕ್ಕೂ ತನ್ನದೇ ಟ್ರಾನ್ಸ್‌ಫಾರ್ಮರ್. ಬೇಸ್ ಹೆಚ್ಚಾದರೆ ಆ ಟ್ರಾನ್ಸ್‌ಫಾರ್ಮರ್ ತಾಳಲಾರದೆ ಸ್ಯಾಚುರೇಟ್ ಆಗಿ ಮಾತು ಮಂದವಾಗುತ್ತದೆ, ಹಾಗಾಗಿ ಮೈಕಿನ ಬೇಸ್ ಚೆನ್ನಾಗಿ ಇಳಿಸಿದೆ. ಹಿಂದಿನ ಸಾಲಿನ ಅಜ್ಜಿಯರಿಗೆ "ತ", "ಸ", "ಕ" ಬಿಡಿಬಿಡಿಯಾಗಿ ಕೇಳಿಸಬೇಕು, ನನಗೆ ಬೇಕಾದದ್ದು ಅಷ್ಟೇ. ಆಂಪ್ಲಿಫೈಯರ್ ಹಳೆಯದೇ ಉಳಿಯಿತು.

ಖಾಲಿ ಸ್ಲಾಟ್‌ಗಳಿಗೆ ಮುಚ್ಚುವ ಪಟ್ಟಿ ಮತ್ತೆ ಹಾಕಿದ್ದೇನೆ, ಇಲ್ಲದಿದ್ದರೆ ಧೂಳು, ಹಲ್ಲಿ ಎರಡೂ ಒಳಗೆ. ಯುವಕರು ಲ್ಯಾಪ್‌ಟಾಪ್ ಹಚ್ಚಿದಾಗ ಚಾರ್ಜರಿನಿಂದ ಜುಂಯ್ ಎನ್ನುವುದು ಇನ್ನೂ ಇದೆ. ಅದಕ್ಕೆ ಟ್ರಾನ್ಸ್‌ಫಾರ್ಮರ್ ಇರುವ ಲೈನ್ ಮಾಡ್ಯೂಲ್ ತರಲು ಹೇಳಿದ್ದೇನೆ. ಅಲ್ಲಿಯವರೆಗೆ ಬ್ಯಾಟರಿಯಲ್ಲೇ ನಡೆಸಿ ಎಂದಿದ್ದೇನೆ.