ಏಳಲಾಗದ ಮುದಿ ನಾಯಿಯ ಸೊಂಟದ ಹುಣ್ಣು ಒಣಗಿದ್ದು ಹೀಗೆ

ತೀರ್ಥಹಳ್ಳಿ ಕಡೆಯ ನಮ್ಮ ಮನೆಯ 13 ವರ್ಷದ ನಾಯಿಗೆ ಹಿಂಗಾಲಿನ ಸ್ವಾಧೀನ ತಪ್ಪಿ, ಆಷಾಢದ ಮಳೆಯಲ್ಲಿ ಸೊಂಟದ ಎಲುಬಿನ ಮೇಲೆ ಹುಣ್ಣಾಯಿತು. ಅರಿಶಿನ ಮೆತ್ತಿದೆವು, ಹತ್ತಲಿಲ್ಲ. ಪೌಡರ್ ಹಕ್ಕಳೆಗಟ್ಟಿ ಅಡಿಯಲ್ಲೇ ಕೀವಾಯಿತು. ಮುಲಾಮನ್ನು ನೆಕ್ಕಿಬಿಟ್ಟಿತು. ಹಾಸಿದ ಗೋಣಿಚೀಲ ಯಾವಾಗಲೂ ತೇವ.

ಕೊನೆಗೆ ಹಾಸಿಗೆಯನ್ನೇ ಬದಲಿಸಿದೆ. 4 ಇಂಚಿನ ಫೋಮ್, ಮೇಲೆ ಪ್ಲಾಸ್ಟಿಕ್ ಶೀಟು, ಅದರ ಮೇಲೆ ಹಳೇ ಕಾಟನ್ ಸೀರೆ. ಉಚ್ಚೆ ತಾಗಿದ ಕೂಡಲೇ ಬದಲು. ಹಗಲು 2 ಗಂಟೆಗೊಮ್ಮೆ, ರಾತ್ರಿ 4 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇದೇ ಮುಖ್ಯ. ಎಳೆಯಬಾರದು, ಚರ್ಮ ಸುಲಿಯುತ್ತದೆ. ಮೊದಲು ನಾಯಿಯ ಎದೆ ಹಾಸಿಗೆಗೆ ತಾಗುವಂತೆ ಕೂರಿಸಿ, ಕಾಲು ಮಡಚಿ, ಆಮೇಲೆ ಇನ್ನೊಂದು ಬದಿಗೆ ಮಲಗಿಸಿ.

ದಿನಕ್ಕೆರಡು ಸಲ ಸಲೈನಿನಲ್ಲಿ (ಗಾಯ ತೊಳೆಯುವ ಉಪ್ಪುನೀರು) ತೊಳೆದು, ಉಜ್ಜದೆ ಗಾಜ್ ಬಟ್ಟೆ (ಗಾಯಕ್ಕೆ ಬಳಸುವ ತೆಳು ಬಟ್ಟೆ) ಒತ್ತಿ ಒಣಗಿಸಿ, ಪಶುವೈದ್ಯರು ಬರೆದ ಮುಲಾಮು ತೆಳ್ಳಗೆ ಹಚ್ಚಿ. ಸುತ್ತಲ ಕೂದಲು ಕತ್ತರಿಸಿರಬೇಕು, ನೆಕ್ಕದಂತೆ ತಡೆಯಲು ಕುತ್ತಿಗೆಗೆ ಕೋನ್ (ಆಲಿಕೆಯಂಥ ಪಟ್ಟಿ) ಇರಬೇಕು. ಮೂರನೇ ವಾರ ಹುಣ್ಣು ಮುಚ್ಚಿತು.