ಹಳೇ ಗಾಜು, ಹೊಸ ಸೀಸ

ಬೆಂಗಳೂರು ಕಂಟೋನ್ಮೆಂಟಿನ ಹಳೇ ಚರ್ಚೊಂದರ ಕಿಟಕಿ ಅದು, ನಾನು ರಿಪೇರಿ ಮಾಡಿದ್ದು. 2 ಅಡಿ ಅಗಲ, 3 ಅಡಿ ಎತ್ತರ. ಬಣ್ಣದ ಗಾಜು ಗಟ್ಟಿಯಾಗೇ ಇತ್ತು. ಅದನ್ನು ಹಿಡಿದಿದ್ದ ಸೀಸದ ಪಟ್ಟಿ ಸೋತಿತ್ತು. ಹಗಲು ಬಿಸಿಲಿಗೆ ಹಿಗ್ಗಿ, ರಾತ್ರಿ ಕುಗ್ಗಿ, ನೂರು ವರ್ಷದಲ್ಲಿ ಸೀಸ ದಣಿದುಬಿಡುತ್ತದೆ. ಅಡ್ಡ ಸರಳಿಗೆ ಕಟ್ಟಿದ್ದ ತಾಮ್ರದ ತಂತಿಯೂ ತುಂಡಾಗಿ, ಕಿಟಕಿಯ ನಡುಭಾಗ ಹೊರಕ್ಕೆ ಉಬ್ಬಿತ್ತು.

ಹಿಂದೆ ಯಾರೋ ಅಂಚಿಗೆ ಸಿಮೆಂಟು ಮೆತ್ತಿದ್ದರು. ಅದನ್ನು ಕೆತ್ತಿ ತೆಗೆಯಲು ಮೂರು ದಿನ ಹಿಡಿಯಿತು. ಹಾಗಿದ್ದೂ ಒಂದು ತುಂಡು ನನ್ನ ಕೈಯಲ್ಲೇ ಬಿರುಕು ಬಿಟ್ಟಿತು. ತುಂಬಾ ಸಂಕಟವಾಯಿತು.

ಬಿಚ್ಚುವ ಮುಂಚೆ ಫೋಟೋ ತೆಗೆದೆ. ಮೇಲೆ ಕಾಗದ ಹಾಸಿ, ಮೇಣದ ಕಡ್ಡಿಯಿಂದ ಉಜ್ಜಿ, ಸೀಸದ ಗೆರೆಗಳ ಅಚ್ಚು ಇಳಿಸಿಕೊಂಡೆ. ತುಂಡು ತುಂಡಿಗೂ ನಂಬರು ಹಾಕಿದೆ.

ಜಾಸ್ತಿ ಭಯ ಇರುವುದು ತೊಳೆಯುವಾಗ. ಮುಖ, ಬೆರಳು, ಬಟ್ಟೆಯ ಮಡಿಕೆ ಇವೆಲ್ಲ ಗಾಜಿನ ಮೇಲೆ ಬರೆದ ಗೆರೆಗಳು. ಗಾಜಿನ ಪುಡಿಗೆ ಲೋಹದ ಆಕ್ಸೈಡು ಕಲಸಿ ಬರೆದು, 600 ಡಿಗ್ರಿಗೂ ಮೇಲೆ ಸುಟ್ಟಿರುತ್ತಾರೆ. ಅವತ್ತು ಶಾಖ ಸಾಲದೆ ಹೋಗಿದ್ದರೆ ಒದ್ದೆ ಹತ್ತಿಗೂ ಎದ್ದು ಬರುತ್ತವೆ. ಕೆಲಸ ಕಲಿಯುವಾಗ ಸೋಪು ಹಾಕಿ ಉಜ್ಜಿ, ಒಬ್ಬ ದೇವದೂತನ ಹುಬ್ಬನ್ನೇ ಅಳಿಸಿಬಿಟ್ಟಿದ್ದೆ. ಆ ಮುಖ ಇವತ್ತಿಗೂ ಕಣ್ಣ ಮುಂದಿದೆ. ಈಗ ಡಿಸ್ಟಿಲ್ಡ್ ವಾಟರ್, ಹತ್ತಿ, ಭೂತಗನ್ನಡಿ ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಗೆರೆ ಸಡಿಲ ಅನ್ನಿಸಿದರೆ ಕೊಳೆಯನ್ನು ಹಾಗೇ ಬಿಡುತ್ತೇನೆ.

ಒಡೆದವು ಮೂರು ತುಂಡು. ಹೊಸ ಗಾಜು ಹಾಕಿಬಿಡಿ ಅಂದರು ಚರ್ಚಿನ ಹಿರಿಯರೊಬ್ಬರು. ನಾನು ಒಪ್ಪಲಿಲ್ಲ. ಎರಡಕ್ಕೆ ಅಂಚಿನಲ್ಲಿ ತೆಳು ತಾಮ್ರದ ಪಟ್ಟಿ ಸುತ್ತಿ ಬೆಸುಗೆ ಹಾಕಿದೆ. ಮೂರನೆಯದು ಮುಖ. ಮುಖದ ಮೇಲೆ ಕಪ್ಪು ಗೆರೆ ಬರಬಾರದಲ್ವಾ? ಅದಕ್ಕೆ ಪಾರದರ್ಶಕ ಎಪಾಕ್ಸಿ ಅಂಟು ಬಳಸಿದೆ.

ಹೊಸ ಸೀಸದ ಪಟ್ಟಿಯನ್ನು ಎಳೆದು ನೇರ ಮಾಡಿ, ಅದರ ಸೀಳಿನಲ್ಲಿ ಗಾಜು ಕೂರಿಸಿ, ಕುದುರೆ ಲಾಳದ ಮೊಳೆಯಿಂದ ಅದುಮಿ ನಿಲ್ಲಿಸುತ್ತಾ ಹೋದೆ. ಬೆಸುಗೆ ಹಾಕುವಾಗ ಅವಸರ ಕೂಡದು. ಸೀಸ 327 ಡಿಗ್ರಿಗೇ ಕರಗುತ್ತದೆ, ಬೆಸುಗೆ ಹಾಕುವ ಕಡ್ಡಿ ಜಾಸ್ತಿ ಕಾದರೆ ಪಟ್ಟಿಯೇ ಹೋಯಿತು. ಸೀಸ ವಿಷ ಕೂಡ. ಮಾಸ್ಕು, ಕೈಗವಸು ಬೇಕೇ ಬೇಕು. ಆ ಮೇಜಿನ ಹತ್ತಿರ ಕಾಫಿ ಲೋಟವನ್ನೂ ತರುವುದಿಲ್ಲ.

ಕೊನೆಗೆ ಸೀಮೆಸುಣ್ಣದ ಪುಡಿ, ಅಗಸೆ ಎಣ್ಣೆ, ಸ್ವಲ್ಪ ಟರ್ಪೆಂಟೈನ್, ಮಸಿ ಕಲಸಿ ಸಂದಿಗಳಿಗೆಲ್ಲ ಬ್ರಷ್ಷಿನಿಂದ ತುಂಬಿದೆ. ಎರಡು ವಾರ ಒಣಗಲು ಬಿಟ್ಟೆ. ಸರಳಿಗೆ ಹೊಸ ತಾಮ್ರದ ತಂತಿ ಕಟ್ಟಿ, ಕಿಟಕಿಯನ್ನು ಸುಣ್ಣದ ಗಾರೆಯಲ್ಲಿ ಕೂರಿಸಿದೆ. ಮುಂದೆ ಬಿಚ್ಚುವವರಿಗೆ ಒಂದು ತುಂಡೂ ಒಡೆಯದೆ ಕೈಗೆ ಬರಲಿ ಅಂತ.