ಸಂಪಾಜೆ ಘಾಟಿಯೂ ನನ್ನ ಆರ್‌ಎಕ್ಸ್ 100ರ ಮುಂದಿನ ಫೋರ್ಕೂ

ಅಪ್ಪ ಓಡಿಸಿದ ಯಮಹಾ ಆರ್‌ಎಕ್ಸ್ 100 ಈಗ ನನ್ನದು. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುವಾಗ ಬ್ರೇಕ್ ಹಿಡಿದರೆ ಸಾಕು, ಮುಂದಿನ ಫೋರ್ಕ್, ಅಂದರೆ ಮುಂದಿನ ಚಕ್ರವನ್ನು ಹಿಡಿದಿರುವ, ಒಳಗೆ ಸ್ಪ್ರಿಂಗ್ ಮತ್ತು ಆಯಿಲ್ ಇರುವ ಜೋಡಿ ಕೊಳವೆ, ಪೂರ್ತಿ ಕುಸಿಯುತ್ತಿತ್ತು. ಆಗ ಚಿಕ್ಕ ಗುಂಡಿ ಸಿಕ್ಕರೂ ಪೆಟ್ಟು ನೇರ ಮಣಿಕಟ್ಟಿಗೆ.

ಯಾರೋ ಹೇಳಿದರೆಂದು ಫೋರ್ಕಿನ 10ಡಬ್ಲ್ಯು ಆಯಿಲ್ ಚೆಲ್ಲಿ ಅದಕ್ಕಿಂತ ಗಟ್ಟಿಯಾದ 20ಡಬ್ಲ್ಯು ಹಾಕಿದೆ. ಕುಸಿತ ನಿಧಾನವಾಯಿತು, ಆದರೆ ಡಾಂಬರು ಕಿತ್ತ ರಸ್ತೆಯಲ್ಲಿ ಚಕ್ರ ನೆಲ ಬಿಟ್ಟು ಕುಣಿಯತೊಡಗಿತು. ಈ ಹಳೆಯ ಫೋರ್ಕಿನಲ್ಲಿ ಆಯಿಲ್ ಅಳತೆ ಬದಲಾಗದ ತೂತುಗಳ ಮೂಲಕವೇ ಹರಿಯಬೇಕು. ಪೆಟ್ಟಿನ ವೇಗ ಎರಡರಷ್ಟಾದರೆ ತಡೆ ಸುಮಾರು ನಾಲ್ಕರಷ್ಟಾಗುತ್ತದೆ. ಬ್ರೇಕಿನ ಕುಸಿತಕ್ಕೆಂದು ಆಯಿಲ್ ಗಟ್ಟಿ ಮಾಡಿದರೆ ಗುಂಡಿಯ ಪೆಟ್ಟಿಗೆ ಫೋರ್ಕ್ ಕಲ್ಲಾಗುತ್ತದೆ.

ಮೊದಲು ಅಳೆಯಬೇಕಿತ್ತು. ಫೋರ್ಕ್ ಎಷ್ಟು ಕುಗ್ಗುತ್ತದೆಂಬ ಗುರುತು ಉಳಿಯಲೆಂದು ಅದರ ಪೈಪಿಗೆ ಕೇಬಲ್ ಟೈ ಕಟ್ಟಿ, ಬೈಕನ್ನು ನನ್ನ ತಮ್ಮ ಹಿಡಿದುಕೊಂಡಿದ್ದಾಗ ಹತ್ತಿ ಕುಳಿತೆ. ಒಟ್ಟು ಚಲನೆಯ ಅರ್ಧದಷ್ಟು ಬೈಕಿನ ಮತ್ತು ನನ್ನ ಭಾರಕ್ಕೇ ಹೋಗಿತ್ತು! ಮೂರನೇ ಒಂದು ಭಾಗ ಹೋದರೆ ಸರಿ. ಸ್ಪ್ರಿಂಗ್ ಮೇಲೆ 20 ಮಿ.ಮೀ. ಪಿವಿಸಿ ಪೈಪಿನ ತುಂಡು, ನಡುವೆ ವಾಷರ್ ಇಟ್ಟೆ. ಇದರಿಂದ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ, ಕುಳಿತಾಗಿನ ಎತ್ತರವಷ್ಟೇ ಏರುತ್ತದೆ.

ಬಿಚ್ಚಿದಾಗ ಕಂಡದ್ದು ಇನ್ನೂ ಬೇಸರದ ಸಂಗತಿ. ನಮ್ಮ ಮಳೆಗಾಲ ಗೊತ್ತಲ್ಲ, ಕೊಟ್ಟಿಗೆಯಲ್ಲಿ ನಿಂತ ಬೈಕಿನ ಪೈಪಿನಲ್ಲಿ, ಆಯಿಲ್ ಸೀಲ್ ಉಜ್ಜುವ ಜಾಗದಲ್ಲೇ, ತುಕ್ಕಿನ ಚುಕ್ಕೆಗಳು. ಅದರ ಮೇಲೆ ಹೊಸ ಸೀಲ್ ಹಾಕಿದರೆ ಅದು ಬೇಗನೇ ಹರಿದುಹೋಗುತ್ತದೆ. ಪೈಪುಗಳನ್ನೇ ಬದಲಿಸಿದೆ. ಹೊಸದನ್ನೂ ಗಾಜಿನ ಹಲಗೆಯ ಮೇಲೆ ಉರುಳಿಸಿ, ಬಾಗಿಲ್ಲವೆಂದು ನೋಡಿದ ಮೇಲೆಯೇ ಜೋಡಿಸಿದೆ.

ಆಯಿಲ್ 15ಡಬ್ಲ್ಯು. ಅಳತೆ ಲೋಟದಲ್ಲಿ ಸುರಿದು ಬಿಟ್ಟರೆ ಸಾಲದು. ಸ್ಪ್ರಿಂಗ್ ತೆಗೆದು, ಫೋರ್ಕನ್ನು ಹಲವು ಸಲ ಒತ್ತಿ ಗಾಳಿ ಬಿಡಿಸಿ, ಪೂರ್ತಿ ಕುಗ್ಗಿಸಿ, ಪೈಪಿನ ಬಾಯಿಂದ ಆಯಿಲ್ ಮಟ್ಟ ಎರಡೂ ಕಡೆ ಒಂದೇ ಬರುವಂತೆ ಮಾಡಿದೆ. ಮೇಲೆ ಉಳಿದ ಗಾಳಿಯೂ ಸ್ಪ್ರಿಂಗಿನಂತೆ ಕೆಲಸ ಮಾಡುತ್ತದೆ, ಹೆಚ್ಚುಕಡಿಮೆಯಾಗಬಾರದು. ಚಕ್ರದ ಆಕ್ಸಲ್ ನಟ್ಟನ್ನು ಕೊನೆಗೆ ಬಿಗಿದೆ. ಅದಕ್ಕೂ ಮುನ್ನ ಹ್ಯಾಂಡಲ್ ನಾಲ್ಕಾರು ಸಲ ಅದುಮಿದರೆ ಫೋರ್ಕಿನ ಎರಡೂ ಕಾಲುಗಳು ತಾವೇ ನೇರವಾಗಿ ಕೂರುತ್ತವೆ.

ಹ್ಯಾಂಡಲ್ ನಡುವಿನಲ್ಲಿ ಕಚ್ಚುತ್ತಿದ್ದುದರಿಂದ ಕೋನ್ ಸೆಟ್ಟೂ (ಹ್ಯಾಂಡಲ್ ತಿರುಗುವ ಬೇರಿಂಗು) ಹೊಸದಾಯಿತು.

ಕೇಬಲ್ ಟೈ ಇನ್ನೂ ಪೈಪಿನಲ್ಲೇ ಇದೆ. ಕಳೆದ ವಾರ ಘಾಟಿ ಇಳಿದು ಸಂಪಾಜೆಯಲ್ಲಿ ನಿಲ್ಲಿಸಿ ನೋಡಿದೆ: ಚಲನೆಯ ಕೊನೆಗೆ ಇನ್ನೂ ಒಂದು ಬೆರಳಗಲ ಉಳಿದಿತ್ತು.